ಆಯಾ, ವಾರ್ಡ್ ಬಾಯ್, ಹೌಸ್‌ಕೀಪಿಂಗ್‌ನವರ ಸೊಂಟ ನೋವು: ಬೆಲ್ಟ್ ಕೊಟ್ಟು ಒಂದು ಕ್ಲಾಸ್ ಮಾಡಿದ್ರೆ ಸಾಕಾ?

ಹೇಮಾವತಿ_ದಡ
ಎಲ್ರಿಗೂ ನಮಸ್ಕಾರ. ಹಾಸನ ಕಡೆ ಒಂದು ಆಸ್ಪತ್ರೆ, ಹೆಸರು ಬೇಡ. ಆಯಾ, ವಾರ್ಡ್ ಬಾಯ್, ಹೌಸ್‌ಕೀಪಿಂಗ್, ಅಡುಗೆಮನೆ, ಬಟ್ಟೆ ಒಗೆಯೋರು, ಬಹುಪಾಲು ಹೊರಗುತ್ತಿಗೆಯವ್ರು. ಸೊಂಟ, ಭುಜ, ಮಣಿಕಟ್ಟು, ಹಿಮ್ಮಡಿ, ಯಾರನ್ನ ಕೇಳಿದ್ರೂ ಒಂದಲ್ಲ ಒಂದು ಕಡೆ ನೋವು. ಮ್ಯಾನೇಜ್‌ಮೆಂಟ್‌ನವ್ರು ಈಗ ಎಲ್ರಿಗೂ ಸೊಂಟದ ಬೆಲ್ಟ್ ತರಿಸಿ, "ಮಂಡಿ ಬಗ್ಗಿಸಿ ಭಾರ ಎತ್ತಿ" ಅಂತ ಒಂದು ಗಂಟೆ ಕ್ಲಾಸ್ ಮಾಡಿಸೋಣ ಅಂತಿದ್ದಾರೆ. ಅದೇ ದುಡ್ಡಲ್ಲಿ ಬೇರೆ ಏನು ಮಾಡಿದ್ರೆ ನಿಜವಾಗ್ಲೂ ಉಪಯೋಗ? ಕೆಲಸ ಗೊತ್ತಿರೋರು ಹೇಳಿ. ಒಂದು ಪುಟದ ಪಟ್ಟಿ ಕೊಡಬೇಕು.

ಕಾಫಿನಾಡು_ಫಿಸಿಯೊ
ಬೆಲ್ಟ್ ಬೇಡ. ಆರೋಗ್ಯವಂತ ಕೆಲಸಗಾರರಿಗೆ ಬೆಲ್ಟ್ ಹಾಕಿಸಿದರೆ ಸೊಂಟಕ್ಕೆ ಪೆಟ್ಟಾಗೋದು ತಪ್ಪುತ್ತೆ ಅನ್ನೋದಕ್ಕೆ ಪುರಾವೆ ಸಾಲದು ಅಂತ ಅಮೆರಿಕದ ಎನ್‌ಐಒಎಸ್‌ಎಚ್ (ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡೋ ಸರ್ಕಾರಿ ಸಂಸ್ಥೆ) 1994ರಲ್ಲೇ ಹೇಳಿದೆ. ಬೆಲ್ಟ್ ಬಿಗಿದುಕೊಂಡವರು ಇನ್ನೂ ಧೈರ್ಯವಾಗಿ ಜಾಸ್ತಿ ಎತ್ತುತ್ತಾರೆ, ಅದೇ ಅಪಾಯ. ಬರೀ ಎತ್ತುವ ವಿಧಾನ ಕಲಿಸಿದರೆ ಬೆನ್ನುನೋವು ಕಡಿಮೆಯಾಗುತ್ತೆ ಅನ್ನೋದೂ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ನಿಂತಿಲ್ಲ.

ಲೆಕ್ಕ ನೋಡಿ. ಅದೇ ಸಂಸ್ಥೆಯ ಸೂತ್ರದಲ್ಲಿ ಎಲ್ಲವೂ ಅನುಕೂಲವಾಗಿದ್ದಾಗ ಒಬ್ಬರು ಎತ್ತೋ ಭಾರದ ಮಿತಿ 23 ಕೆ.ಜಿ. ಅದು ಭಾರ ಮೈಗೆ ಅಂಟಿಕೊಂಡು, 25 ಸೆಂ.ಮೀ. ಒಳಗೆ ಇದ್ದಾಗ ಮಾತ್ರ. ದೂರ ಹೋದಷ್ಟೂ ಮಿತಿ ಇಳಿಯುತ್ತೆ. ಮಂಚದ ಅಗಲ 3 ಅಡಿ, ರೋಗಿ ನಡುವೆ ಮಲಗಿರುತ್ತಾರೆ, ಅಂದರೆ ನಿಮ್ಮಿಂದ 45 ಸೆಂ.ಮೀ. ಅಷ್ಟು ದೂರಕ್ಕೇ ಮಿತಿ 13 ಕೆ.ಜಿ.ಗಿಂತ ಕೆಳಗೆ ಬಂತು. ಬಗ್ಗಿದ್ದಕ್ಕೆ, ತಿರುಗಿದ್ದಕ್ಕೆ ಇನ್ನೂ ಕಳೀಬೇಕು. 60 ಕೆ.ಜಿ. ತೂಗೋ ಮನುಷ್ಯನ ಒಂದು ಕಾಲೇ ಹತ್ತಿರಹತ್ತಿರ 10 ಕೆ.ಜಿ. ಡ್ರೆಸಿಂಗ್ ಮಾಡುವಾಗ ಆಯಾ ಆ ಕಾಲನ್ನ ಕೈ ಚಾಚಿ ಎತ್ತಿ ಹಿಡಿದು ನಿಂತಿರ್ತಾರಲ್ಲ, ಅಲ್ಲೇ ಮಿತಿ ಮುಗೀತು. ಹೀಗಿರುವಾಗ ಮಂಡಿ ಬಗ್ಗಿಸು ಅಂತ ಹೇಳಿ ಏನು ಬಂತು?

ಯಗಚಿ_ಸೇತುವೆ
ಮಂಚಕ್ಕೆ ಒರಗಿ ನಿಂತವ್ರು ಮಂಡಿ ಬಗ್ಗಿಸೋದಾದ್ರೂ ಹೆಂಗೆ ಸರ್? ಮಂಡಿ ಕಬ್ಬಿಣದ ಪಟ್ಟಿಗೆ ಹೊಡೆಯುತ್ತೆ.

ಬೇಲೂರು_ರಸ್ತೆ
ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಮ್ ಕಡೆ ಎಸ್ಟೇಟ್‌ಗಳಲ್ಲಿ 50 ಕೆ.ಜಿ. ಕಾಫಿ ಮೂಟೆ ದಿನಾ ಹೊರ್ತಾರೆ. ಇಬ್ಬರು ಸೇರಿ 60 ಕೆ.ಜಿ. ಮನುಷ್ಯನ್ನ ಎತ್ತಕ್ಕಾಗಲ್ವಾ? ಅಭ್ಯಾಸ ಬೇಕು ಅಷ್ಟೆ.

ಸಿಸ್ಟರ್_ಎಂ
ಮೂಟೆ ಬೇರೆ, ರೋಗಿ ಬೇರೆ ಕಣ್ರೀ. ಮೂಟೆ ಹೊರೋರಿಗೆ ಇನ್ನೊಬ್ಬರು ತಲೆ ಎತ್ತರಕ್ಕೆ ಎತ್ತಿಕೊಡ್ತಾರೆ, ತಲೆ ಮೇಲೆ ಸಿಂಬೆ ಇರುತ್ತೆ, ಭಾರ ನೇರ ಬೆನ್ನುಮೂಳೆ ಮೇಲೆ ಇಳಿಯುತ್ತೆ. ರೋಗಿಗೆ ಹಿಡಿ ಇಲ್ಲ, ಮೈ ಜಾರುತ್ತೆ, ಕ್ಯಾತಿಟರ್ ಇರುತ್ತೆ, ಡ್ರಿಪ್ ಇರುತ್ತೆ. ಅರ್ಧ ಎತ್ತಿದಾಗ ಹೆದರಿ ಆಯಾ ಕುತ್ತಿಗೆಗೆ ಜೋತು ಬೀಳ್ತಾರೆ. ಆ ಒಂದು ಜಗ್ಗುವಿಕೆಗೇ ಕತ್ತು, ಭುಜ ಎರಡೂ ಹೋಗುತ್ತೆ. ರೋಗಿ ಕೈ ನಮ್ಮ ಕುತ್ತಿಗೆಗೆ ಬರಬಾರದು, ಇದು ಮೊದಲನೇ ನಿಯಮ. ಅವರ ಕೈ ಮಂಚದ ಅಂಚಿನ ಮೇಲೆ, ಇಲ್ಲ ಕುರ್ಚಿ ಹಿಡಿ ಮೇಲೆ.

ಮೂಟೆ ಹೊತ್ತವರ ಸೊಂಟವೂ ಐವತ್ತರ ಹೊತ್ತಿಗೆ ಹೇಗಿರುತ್ತೆ ಅಂತ ಅವರನ್ನೇ ಕೇಳಿ.

ಬೇಲೂರು_ರಸ್ತೆ
ಸರಿ ಮೇಡಂ, ಒಪ್ದೆ. ಹಂಗಾದ್ರೆ ಎತ್ತದೆ ಸಾಗಿಸೋದು ಹೆಂಗೆ, ಅದನ್ನ ಹೇಳಿ.

ಸಿಸ್ಟರ್_ಎಂ
ಎತ್ತಬಾರದು, ಜಾರಿಸಬೇಕು. ಇದೇ ಇಡೀ ವಿದ್ಯೆ.

ಕೆಳಗೆ ಜಾರಿರೋ ರೋಗಿಯನ್ನ ಮಂಚದಲ್ಲಿ ಮೇಲಕ್ಕೆ ತರೋದು ಆಯಾಗಳಿಗೆ ದಿನಕ್ಕೆ ಎಷ್ಟು ಸಲ ಬರುತ್ತೋ ಲೆಕ್ಕವಿಲ್ಲ. ಮೊದಲು ಮಂಚದ ಚಕ್ರಕ್ಕೆ ಬ್ರೇಕ್. ತಲೆ ಕಡೆ ಎತ್ತಿದ್ದರೆ ಪೂರ್ತಿ ಇಳಿಸಿ. ಉಸಿರಾಟದ ತೊಂದರೆ ಇರೋರಿಗೆ ಇದನ್ನ ನರ್ಸ್ ನೋಡಿ ಹೇಳಬೇಕು. ಎತ್ತರ ಹೊಂದಿಸೋ ಮಂಚವಾದರೆ ನಿಮ್ಮ ಸೊಂಟದ ಮಟ್ಟಕ್ಕೆ ತನ್ನಿ. ಮೈ ಕೆಳಗೆ ಭುಜದಿಂದ ತೊಡೆವರೆಗೂ ಡ್ರಾ ಶೀಟ್, ಅಂದ್ರೆ ಅಡ್ಡ ಹಾಸೋ ಬಟ್ಟೆ, ಇರಬೇಕು. ಅದರ ಅಂಚನ್ನ ರೋಗಿ ಮೈಗೆ ತಾಗೋವರೆಗೂ ಸುರುಳಿ ಸುತ್ತಿ, ಸುರುಳಿಯನ್ನೇ ಹಿಡೀಬೇಕು. ಬಟ್ಟೆ ತುದಿ ಹಿಡಿದರೆ ಭಾರ ದೂರ ಹೋಗುತ್ತೆ, ಬೆರಳಿಗೂ ಪೆಟ್ಟು. ರೋಗಿಗೆ ಆದರೆ ಮಂಡಿ ಮಡಚಿ, ಗದ್ದ ಎದೆಗೆ ಒತ್ತಿಕೊಳ್ಳೋಕೆ ಹೇಳಿ. ಜಾರಿಸೋರು ರೋಗಿ ತಲೆ ಕಡೆಗೆ ಮುಖ ಮಾಡಿ, ಒಂದು ಕಾಲು ಮುಂದೆ ಒಂದು ಹಿಂದೆ. ಒಬ್ಬರೇ ಎಣಿಸಬೇಕು, "ಒಂದು, ಎರಡು, ಹೂಂ." ಮೈಭಾರ ಹಿಂದಿನ ಕಾಲಿಂದ ಮುಂದಿನ ಕಾಲಿಗೆ ಹೋಗೋದರಲ್ಲೇ ರೋಗಿ ಜಾರಬೇಕು, ಕೈಯಲ್ಲಿ ಎಳೆಯೋದಲ್ಲ.

ಡ್ರಾ ಶೀಟ್ ಹತ್ತಿ ಬಟ್ಟೆ, ಹಾಸಿಗೆ ರೆಕ್ಸಿನ್, ಎರಡೂ ಅಂಟುತ್ತೆ. ಅದಕ್ಕೇ ಸ್ಲೈಡ್ ಶೀಟ್ ಬೇಕು. ನುಣುಪಾದ ನೈಲಾನ್ ಬಟ್ಟೆಯನ್ನ ಕೊಳವೆ ತರ ಹೊಲಿದದ್ದು. ಬಟ್ಟೆ ಮೇಲೆ ಬಟ್ಟೆ ಜಾರುತ್ತೆ. ಕೆಲಸ ಆದ ತಕ್ಷಣ ತೆಗೆಯಲೇಬೇಕು, ಮರೆತರೆ ರೋಗಿ ಮಂಚದಿಂದಲೇ ಜಾರಿ ಬೀಳ್ತಾರೆ.

ಕಾಫಿನಾಡು_ಫಿಸಿಯೊ
ಸಿಸ್ಟರ್ ಹೇಳಿದ್ದಕ್ಕೆ ಒಂದು ಅಂಕಿ ಸೇರಿಸ್ತೀನಿ. ರೋಗಿಗಳನ್ನ ಕೈಯಲ್ಲಿ ಎತ್ತೋದಕ್ಕೆ ಅಂತಲೇ 2007ರಲ್ಲಿ ಸೂಚಿಸಿದ ಮಿತಿ ಒಬ್ಬರಿಗೆ 16 ಕೆ.ಜಿ. ಇಬ್ಬರಿಗೆ 32. ಪೂರ್ತಿ ನಿಶ್ಶಕ್ತರಾದ 60 ಕೆ.ಜಿ. ರೋಗಿಗೆ ನಾಲ್ಕು ಜನ ಬೇಕು. ರಾತ್ರಿ ಪಾಳಿಯಲ್ಲಿ ನಾಲ್ಕು ಜನ ಎಲ್ಲಿಂದ ಬರ್ತಾರೆ? ಅದಕ್ಕೇ ಸಲಕರಣೆ.

ವರ್ಕ್‌ಶಾಪ್_ಸಕಲೇಶಪುರ
ಎಲ್ರೂ ಮಂಚದ ಹತ್ರ ನಿಂತ್ರಿ. ಸ್ಟ್ರೆಚರ್ ಚಕ್ರದ ಕಡೆ ನೋಡಿ. ಮೂರು ಚಕ್ರ ತಿರುಗಿ ಒಂದು ಕಚ್ಕೊಂಡಿದ್ರೆ ಟ್ರಾಲಿ ಒಂದೇ ಕಡೆ ಎಳೆಯುತ್ತೆ. ಅದನ್ನ ನೇರಕ್ಕೆ ತರೋಕೆ ವಾರ್ಡ್ ಬಾಯ್ ಸೊಂಟ ತಿರುಚಿ ತಳ್ತಾನೆ, ದಿನವಿಡೀ. ನೋವು ಯಾವಾಗ್ಲೂ ಒಂದೇ ಮಗ್ಗುಲಿಗೆ ಬಂದ್ರೆ ಮೊದಲು ಟ್ರಾಲಿ ನೋಡಿ.

ಕಾರಣ ತೊಂಬತ್ತು ಪಾಲು ಕೂದಲು, ದಾರ, ಬ್ಯಾಂಡೇಜ್ ಎಳೆ. ಅಚ್ಚಿಗೆ ಸುತ್ಕೊಂಡು ಗಂಟಾಗಿರುತ್ತೆ. ಟ್ರಾಲಿ ಮಗುಚಿ ಹಾಕಿ, ಚಕ್ರದ ನಟ್ ಬಿಚ್ಚಿ, ಬ್ಲೇಡಲ್ಲಿ ಕೊಯ್ದು ತೆಗೀರಿ. ಸೀಮೆಎಣ್ಣೆ ಬಟ್ಟೇಲಿ ಒರೆಸಿ, ಬೇರಿಂಗ್‌ಗೆ ಕಡಲೆಕಾಳಷ್ಟು ಗ್ರೀಸ್. ಜಾಸ್ತಿ ಹಾಕಿದ್ರೆ ಮತ್ತೆ ಕೂದಲು ಅಂಟುತ್ತೆ. ಚಕ್ರದ ಮೇಲಿನ ತಿರುಗುಣಿಗೂ ಅಷ್ಟೇ. ತಿಂಗಳಿಗೊಂದ್ಸಲ ಮಾಡಿದ್ರೆ ಸಾಕು. ಸಣ್ಣ 5 ಇಂಚಿನ ಚಕ್ರ ಇದ್ರೆ, ಹಾಳಾದಾಗ 8 ಇಂಚಿಂದು ಹಾಕ್ಸಿ. ಲಿಫ್ಟ್ ಬಾಗಿಲ ಸಂದು, ನೆಲದ ಕಲ್ಲಿನ ಜೋಡಣೆ ದಾಟೋವಾಗ ಗೊತ್ತಾಗುತ್ತೆ ವ್ಯತ್ಯಾಸ. ಎತ್ತರ ಮೂರಿಂಚು ಹತ್ರ ಏರುತ್ತೆ, ಮಂಚದ ಮಟ್ಟಕ್ಕೆ ಹೊಂದುತ್ತಾ ಅಳೆದು ನೋಡ್ಕೊಂಡು ಹಾಕ್ಸಿ.

ಇನ್ನು ರ‍್ಯಾಂಪ್. ಟ್ರಾಲಿ 60, ರೋಗಿ 70, ಒಟ್ಟು 130 ಕೆ.ಜಿ. 12 ಅಡಿಗೆ ಒಂದಡಿ ಏರಿದ್ರೆ ಬರೀ ಹಿಂದಕ್ಕೆ ಜಾರದ ಹಾಗೆ ಹಿಡಿಯೋಕೇ 11 ಕೆ.ಜಿ. ಬಲ ಬೇಕು. ಹಳೇ ಕಟ್ಟಡದಲ್ಲಿ 8ಕ್ಕೆ ಒಂದಿರುತ್ತೆ, ಅಲ್ಲಿ 16. ಚಕ್ರದ ಕಚ್ಚಾಟ ಬೇರೆ. ರ‍್ಯಾಂಪಲ್ಲಿ ಒಬ್ರೇ ಹೋಗಬಾರದು ಅಂತ ನಿಮ್ಮ ಪಟ್ಟೀಲಿ ಬರೀರಿ ಅಣ್ಣ.

ಮೂಡಿಗೆರೆ_ಮಳೆ
ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಆ ರ‍್ಯಾಂಪ್ ಒದ್ದೆ ಅನ್ನೋದನ್ನೂ ಸೇರ್ಸಿ. ಕಾಲು ಜಾರಿದಾಗ ಬೀಳದೆ ಇದ್ರೂ, ತಡ್ಕೊಳ್ಳೋಕೆ ಹೋಗಿ ಸೊಂಟ ಹಿಡ್ಕೊಳ್ಳುತ್ತೆ.

ಮಲೆನಾಡಲ್ಲಿ ಇನ್ನೊಂದಿದೆ. ಎಸ್ಟೇಟಿಂದ ಜೀಪಲ್ಲಿ ರೋಗಿ ಬರ್ತಾರೆ. ಜೀಪಿನ ಹಿಂದಿನ ಸೀಟಿಂದ ಇಳಿಸೋದು ಎಲ್ಲಕ್ಕಿಂತ ಕಷ್ಟ. ಒಳಗೆ ಬಗ್ಗಿ, ತಿರುಗಿ, ಒಬ್ರೇ ಕಂಕುಳಿಗೆ ಕೈ ಹಾಕಿ ಎಳೀತಾರೆ. ಹಂಗೆ ಮಾಡಬೇಡಿ. ಜೊತೇಲಿ ಬಂದವ್ರ ಹತ್ರ ಕಂಬಳಿ ಇದ್ದೇ ಇರುತ್ತೆ. ಮೈ ಕೆಳಗೆ ಕಂಬಳಿ ತೂರಿಸಿ ಅಂಚು ಸುತ್ತಿ, ಒಳಗಿಬ್ರು ಹೊರಗಿಬ್ರು, ಸೀಟಿನ ಉದ್ದಕ್ಕೂ ಜಾರಿಸಿ ಸ್ಟ್ರೆಚರ್ ಮೇಲೆ ತರೋದು.

ಸಿಸ್ಟರ್_ಎಂ
ಮರದಿಂದ ಬಿದ್ದೋರು, ಅಪಘಾತದೋರು ಆದ್ರೆ ಕಂಬಳಿ ಬೇಡ. ಕತ್ತು, ಬೆನ್ನು ಅಲುಗಬಾರದು. ಸ್ಪೈನ್ ಬೋರ್ಡ್ (ಬೆನ್ನು ಅಲುಗದ ಹಾಗೆ ಮಲಗಿಸೋ ಹಲಗೆ) ತರಿಸಿ, ಡಾಕ್ಟರ್ ಬರಲಿ, ಒಬ್ಬರು ತಲೆ ಹಿಡಿದೇ ಇರಬೇಕು.

ಮೂಡಿಗೆರೆ_ಮಳೆ
ಹೌದು ಸಿಸ್ಟರ್, ಹೇಳಬೇಕಿತ್ತು.

ಗ್ಯಾಸ್_ಮ್ಯಾನಿಫೋಲ್ಡ್
ಆಕ್ಸಿಜನ್ ಸಿಲಿಂಡರ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ಸಣ್ಣ ಬಿ ಟೈಪ್ ತುಂಬಿದ್ದು ಸುಮಾರು 16 ಕೆ.ಜಿ., ಒಬ್ಬರು ಎತ್ತಬಹುದು. ಜಂಬೊ, ಅಂದ್ರೆ 7 ಘನ ಮೀಟರ್‌ನ ಡಿ ಟೈಪ್, ಖಾಲಿ ಇದ್ದಾಗಲೇ 55ರಿಂದ 60, ಒಳಗಿನ ಗ್ಯಾಸೇ ಇನ್ನೊಂದು 9 ಕೆ.ಜಿ. ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತೋದು ನಿಲ್ಲಬೇಕು. ವಾಲಿಸಿ ಬುಡದಲ್ಲಿ ಉರುಳಿಸೋದು ನೋಡೋಕೆ ಸುಲಭ, ಆದ್ರೆ ಒದ್ದೆ ನೆಲದಲ್ಲಿ ಜಾರಿದ ಕ್ಷಣ ಮನುಷ್ಯ ಅದನ್ನ ಹಿಡಿಯೋಕೆ ಹೋಗ್ತಾನೆ. ಹಿಡೀಬಾರದು, ಬಿಟ್ಟು ಪಕ್ಕಕ್ಕೆ ಸರೀಬೇಕು. ವಾಲ್ವ್ ಮೇಲೆ ಕ್ಯಾಪ್ ಹಾಕಿರಬೇಕು ಅನ್ನೋದು ಅದಕ್ಕೇ. ಸರಪಳಿ ಇರೋ ಎರಡು ಚಕ್ರದ ಟ್ರಾಲಿ ಒಂದು ಮಹಡಿಗೊಂದಾದ್ರೂ ಬೇಕು.

ವರ್ಕ್‌ಶಾಪ್_ಸಕಲೇಶಪುರ
ಆ ಟ್ರಾಲಿ ಚಕ್ರಕ್ಕೂ ಗ್ರೀಸ್ ಹಾಕ್ಸಿ.

ಗ್ಯಾಸ್_ಮ್ಯಾನಿಫೋಲ್ಡ್
ಚಕ್ರಕ್ಕೆ ಸರಿ. ಆದ್ರೆ ಗ್ರೀಸ್ ಹತ್ತಿದ ಕೈಯಲ್ಲಿ ಸಿಲಿಂಡರ್ ವಾಲ್ವ್, ರೆಗ್ಯುಲೇಟರ್ ಮುಟ್ಟಬಾರದು. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಾಗಿದ್ರೆ ಬೆಂಕಿ ಹತ್ತುತ್ತೆ. ಸೋಪು ಹಾಕಿ ಕೈ ತೊಳೆದು, ಬಟ್ಟೇಲೂ ಗ್ರೀಸ್ ಇಲ್ಲ ಅಂತ ನೋಡ್ಕೊಂಡು ಆಮೇಲೆ.

ನೆಲ_ನೀರು
ಹೌಸ್‌ಕೀಪಿಂಗ್ ಬಗ್ಗೆ. ಸೊಂಟಕ್ಕಿಂತ ಮೊದಲು ಮಣಿಕಟ್ಟು ಹೋಗೋದು. ಹೆಬ್ಬೆರಳ ಬುಡದಲ್ಲಿ ಚುಳುಕು, ಚೊಂಬು ಎತ್ತಕ್ಕಾಗಲ್ಲ. ಕಾರಣ ಮಾಪ್ ಹಿಂಡೋದು. ನೀರು ಕುಡಿದ ನೂಲಿನ ಮಾಪನ್ನ ಎರಡೂ ಕೈಲಿ ತಿರುಚಿ ಹಿಂಡ್ತಾರೆ, ರೂಮಿಗೊಂದ್ಸಲ.

ಒತ್ತಿ ಹಿಂಡೋ ಬಕೆಟ್ ಕೊಡ್ಸಿ, ಇಲ್ಲ ಚಪ್ಪಟೆ ಮೈಕ್ರೊಫೈಬರ್ ಮಾಪ್. ಬೆಳಗ್ಗೆ ಒಂದಿಪ್ಪತ್ತು ಪ್ಯಾಡ್ ನೆನೆಸಿಟ್ಟು, ರೂಮಿಗೊಂದು ಹಾಕಿ ತೆಗೆದ್ರೆ ಹಿಂಡೋ ಕೆಲಸವೇ ಇಲ್ಲ, ಸೋಂಕು ರೂಮಿಂದ ರೂಮಿಗೆ ದಾಟಲ್ಲ. ಕೋಲಿನ ಉದ್ದ ಗದ್ದದವರೆಗೆ ಬರಬೇಕು. ಗಿಡ್ಡ ಕೋಲು ಇದ್ರೆ ಎಂಟು ಗಂಟೆ ಬಗ್ಗೇ ಇರ್ತಾರೆ. ಹಿಂದೆ ಮುಂದೆ ತಳ್ಳೋದಲ್ಲ, ಇಂಗ್ಲಿಷಿನ 8 ಬರೆದ ಹಾಗೆ ಒರೆಸ್ತಾ ಹಿಂದೆ ಹಿಂದೆ ಬರಬೇಕು.

ಬಕೆಟ್‌ಗೆ 10 ಲೀಟರ್ ಮಟ್ಟದಲ್ಲಿ ಬಣ್ಣದ ಗೆರೆ ಎಳೀರಿ. 20 ಲೀಟರ್ ತುಂಬಿದ್ರೆ 20 ಕೆ.ಜಿ. ಅದನ್ನ ಸಿಂಕ್ ಎತ್ತರಕ್ಕೆ ಎತ್ತಿ ಸುರಿಯೋದೇ ತಪ್ಪು, ನೆಲದ ಮೋರಿಗೆ ವಾಲಿಸಿ ಸುರಿಯೋ ಜಾಗ ತೋರ್ಸಿ.

ಕಾಫಿನಾಡು_ಫಿಸಿಯೊ
ಆ ಹೆಬ್ಬೆರಳ ಬುಡದ ನೋವಿಗೆ ಡಿ ಕ್ವೆರ್ವೇನ್ ಅಂತಾರೆ. ಹೆಬ್ಬೆರಳನ್ನ ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನ ಕಿರುಬೆರಳ ಕಡೆಗೆ ಬಾಗಿಸಿದಾಗ ಜೀವ ಹೋದಂಗಾದರೆ ಬಹುತೇಕ ಅದೇ. ಹೆಬ್ಬೆರಳು ಸೇರಿಸಿ ಕಟ್ಟೋ ಸ್ಪ್ಲಿಂಟ್ ಬೇಕು, ಬರೀ ಮಣಿಕಟ್ಟಿನ ಬ್ಯಾಂಡ್ ಹಾಕಿ ಪ್ರಯೋಜನವಿಲ್ಲ. ಹಿಂಡೋದು ನಿಲ್ಲದೆ ಸ್ಪ್ಲಿಂಟ್ ಒಂದರಿಂದಲೇ ವಾಸಿಯಾಗಲ್ಲ.

ಮಹಡಿ_ಬಟ್ಟೆ
ಬಟ್ಟೆ ವಿಷಯ. ಬೆಡ್‌ಶೀಟ್ ಒಣಗಿದ್ದಾಗ ಅರ್ಧ ಕೆ.ಜಿ. ಮೇಲೆ, ಕೈಲಿ ಹಿಂಡಿದ್ದು ಅದರ ಎರಡರಷ್ಟು. 40 ಶೀಟ್ ಅಂದ್ರೆ 45 ಕೆ.ಜಿ. ಹತ್ರ, ಟೆರೇಸಿಗೆ ಮೆಟ್ಟಿಲಲ್ಲಿ. ಮಳೆಗಾಲದಲ್ಲಿ ಒಣಗದೆ ಒಳಗೆ ಹೊರಗೆ ಎರಡೆರಡು ಸಲ. ಸಣ್ಣ ಚೀಲ ಮಾಡಿ, 10 ಶೀಟ್‌ಗೊಂದು. ದೊಡ್ಡ ಚೀಲ ಇದ್ರೆ ಜನ ತುಂಬ್ತಾರೆ, ಬೇಡ ಅಂದ್ರೂ ಕೇಳಲ್ಲ. ಟೆರೇಸಿಗೆ ಬಾವಿ ರಾಟೆ ಹಾಕ್ಸಿ, ಹಗ್ಗದಲ್ಲಿ ಎಳ್ಕೊಂಡ್ರೆ ಭಾರ ಅರ್ಧ.

ವರ್ಕ್‌ಶಾಪ್_ಸಕಲೇಶಪುರ
ಒಂದೇ ರಾಟೆಗೆ ಭಾರ ಅರ್ಧ ಆಗಲ್ಲ ಅಕ್ಕ, ಅಷ್ಟೇ ಇರುತ್ತೆ, ಕೆಳಗಡೆಗೆ ಎಳೆಯೋ ಅನುಕೂಲ ಅಷ್ಟೆ. ಅರ್ಧ ಆಗಬೇಕು ಅಂದ್ರೆ ಹಗ್ಗದ ತುದಿ ಮೇಲಿನ ತೊಲೆಗೆ ಕಟ್ಟಿ, ಚೀಲಕ್ಕೊಂದು ರಾಟೆ, ಮೇಲೊಂದು ರಾಟೆ. ಆಗ ಹಗ್ಗ ಎರಡರಷ್ಟು ಉದ್ದ ಎಳೀಬೇಕು. ಕೆಳಗೆ ಯಾರೂ ನಿಲ್ಲಬಾರದು. ಆದ್ರೂ ಮೆಟ್ಟಿಲಿಗಿಂತ ಎಷ್ಟೋ ಮೇಲು.

ಹಿಟ್ಟಿನ_ಕೋಲು
ಅಡುಗೆಮನೆ ಯಾರೂ ಹೇಳ್ಲಿಲ್ಲ. 60 ಜನಕ್ಕೆ ಹಿಟ್ಟು ಮಾಡೋಕೆ 6 ಕೆ.ಜಿ. ರಾಗಿ ಹಿಟ್ಟು, ಎರಡರಷ್ಟು ನೀರು, 18 ಕೆ.ಜಿ. ಗಟ್ಟಿ ಮುದ್ದೆ. ಪಾತ್ರೆ ಒಲೆಯಿಂದ ಇಳಿಸಿ ನೆಲದಲ್ಲಿಟ್ಟು, ಕವೆಗೋಲು ಕಾಲಲ್ಲಿ ಮೆಟ್ಟಿ, ನಡು ಬಗ್ಗಿಸಿ ತಿರುವೋದು. ಭುಜ, ಸೊಂಟ, ಮೊಣಕೈ ಮೂರಕ್ಕೂ ಒಟ್ಟಿಗೆ ಬೀಳುತ್ತೆ. ಮೂರು ಸಲ ಎರಡೆರಡು ಕೆ.ಜಿ. ಹಾಕಿ. ಒಂದಡಿ ಎತ್ತರದ ಮಣೆ ಮೇಲೆ ಪಾತ್ರೆ ಇಡಿ. ಕೋಲು ಮೂರಡಿ ಇರಲಿ, ಹಿಡಿಯೋ ಜಾಗ ಮುಷ್ಟಿ ತುಂಬೋ ದಪ್ಪ. ಸಣ್ಣ ಕೋಲು ಹಿಡಿದ್ರೆ ಬೆರಳು ಗಟ್ಟಿಯಾಗಿ ಬಿಗೀಬೇಕು, ಆಮೇಲೆ ಬೆಳಗ್ಗೆ ಬೆರಳು ಬಿಚ್ಚಲ್ಲ.

ಯಗಚಿ_ಸೇತುವೆ
ಕಸದ ಚೀಲಾನೂ ಬರ್ಕೊಳ್ಳಿ. ಹಳದಿ, ಕೆಂಪು ಚೀಲ ಮುಕ್ಕಾಲು ತುಂಬಿದ ಕೂಡ್ಲೇ ಕಟ್ಟಬೇಕು, ಇದು ಸೂಜಿ ಚುಚ್ಚದೇ ಇರೋಕೆ ಮಾತ್ರ ಅಲ್ಲ, ತೂಕಕ್ಕೂ ಒಳ್ಳೇದು. ಚೀಲ ಮೈಗೆ ತಾಗಬಾರದು ಅಂತ ಕೈ ಚಾಚಿ ಹಿಡ್ಕೊಂಡು ಹೋಗ್ತಾರೆ, ಭುಜಕ್ಕೆ ಎರಡರಷ್ಟು ಬೀಳುತ್ತೆ. ಮುಚ್ಚಳದ ಟ್ರಾಲೀನೇ ಬೇಕು. ಹೆಂಗೂ ಆಸ್ಪತ್ರೆ ಕಸದ 2016ರ ನಿಯಮದ ಪ್ರಕಾರ ಬಣ್ಣವಾರು ಕಸದ ಲೆಕ್ಕ ದಿನಾ ಬರೀಬೇಕು. ಆ ಪುಸ್ತಕ ತೆಗೆದು ನೋಡಿ, ವಾರ್ಡ್‌ವಾರು ಬರೆದಿದ್ರೆ ಯಾವ ವಾರ್ಡಿಂದ ಎಷ್ಟು ಭಾರ ಅಂತ ಅಲ್ಲೇ ಸಿಗುತ್ತೆ.

ಬೇಲೂರು_ರಸ್ತೆ
ನೋವು ಬಂದ್ಮೇಲೆ ಏನು? ನಮ್ಮಲ್ಲಿ ಎಣ್ಣೆ ತಿಕ್ಕಿಸಿ, ನಾಟಿ ವೈದ್ಯರ ಹತ್ರ ಸೊಂಟ ಎಳೆಸ್ತಾರೆ. ಕೆಲವ್ರು ಫಾರ್ಮಸೀಲಿ ನೋವಿನ ಮಾತ್ರೆ ಡೈಕ್ಲೊಫೆನಾಕ್ ತಗೊಂಡು ಡ್ಯೂಟಿ ಮಾಡ್ತಾರೆ.

ಡಾ_ಮೂಳೆ_ಕೀಲು
ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿದರೆ ತೊಂದರೆ ಇಲ್ಲ, ಹಾಯೆನಿಸುತ್ತೆ. ಸೊಂಟ ಎಳೆಸೋದು, ಜಟಕಾಯಿಸೋದು ಬೇಡ. ಡೈಕ್ಲೊಫೆನಾಕ್ ದಿನಾ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಬರಬಹುದು. ಬಿಪಿ ಇರೋರು ಇನ್ನೂ ಜಾಗ್ರತೆ. ಮಾಮೂಲಿ ಉಳುಕಿಗೆ ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬೇಡಿ, ನಡೆದಾಡಿದವರು ಬೇಗ ವಾಸಿಯಾಗ್ತಾರೆ. ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದ ಕೂಡಲೇ ಗಾಬರಿ ಬೇಡ, ನೋವೇ ಇಲ್ಲದವರಲ್ಲೂ ಅದು ಕಾಣುತ್ತೆ.

ಆದರೆ ಇದನ್ನ ದಪ್ಪಕ್ಷರದಲ್ಲಿ ಗೋಡೆಗೆ ಅಂಟಿಸಿ: ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಕೂರೋ ಜಾಗ, ತೊಡೆ ಸಂದು ಮರಗಟ್ಟಿದರೆ, ಪಾದ ಎತ್ತೋಕಾಗದೆ ನೆಲಕ್ಕೆ ಎಳೆದರೆ, ಅದೇ ದಿನ ಆಸ್ಪತ್ರೆಗೆ. ನಾಳೆ ಅನ್ನಬೇಡಿ. ನರದ ಗೊಂಚಲು ಒತ್ತಿಕೊಂಡಾಗ ಗಂಟೆಗಳ ಲೆಕ್ಕ. ಆಸ್ಪತ್ರೆಯಲ್ಲೇ ಕೆಲಸ ಮಾಡೋರು ಇದನ್ನ ನಾಚಿಕೆಗೆ ಮುಚ್ಚಿಟ್ಟುಕೊಳ್ಳಬಾರದು.

ಲೆಕ್ಕಪತ್ರ_ಅರಸೀಕೆರೆ
ಹೊರಗುತ್ತಿಗೆಯವರ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು, ಇಎಸ್‌ಐ (ನೌಕರರ ರಾಜ್ಯ ವಿಮೆ) ಹಿಡೀತಿದ್ರೆ ಗಮನಿಸಿ. ವಂತಿಗೆ ಅವರದು ಸಂಬಳದ ಶೇ. 0.75, ಮಾಲೀಕರದು ಶೇ. 3.25. ಕಾಯಿಲೆ ರಜೆಗೆ ಸಂಬಳದ ಶೇ. 70, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಆರು ತಿಂಗಳ ಅವಧೀಲಿ 78 ದಿನದ ವಂತಿಗೆ ಆಗಿರಬೇಕು. ಆದ್ರೆ ಕೆಲಸದಲ್ಲೇ ಪೆಟ್ಟಾದ್ರೆ ಶೇ. 90, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅನ್ವಯ. ಹಾಗಾಗಿ ರೋಗಿ ಎತ್ತುವಾಗ "ಚಟ್" ಅಂತ ಹಿಡ್ಕೊಂಡ್ರೆ, ಅದೇ ಪಾಳಿಯಲ್ಲಿ ಅಪಘಾತ ಪುಸ್ತಕದಲ್ಲಿ ಬರೆಸಿ: ಎಷ್ಟು ಗಂಟೆ, ಯಾವ ವಾರ್ಡ್, ಏನು ಎತ್ತುತ್ತಿದ್ದರು, ಪಕ್ಕದಲ್ಲಿ ಯಾರಿದ್ದರು. ಮೂರು ದಿನ ಬಿಟ್ಟು "ಮನೇಲಿ ನೋವು ಬಂತು" ಅಂತ ಚೀಟಿ ಬರೆದ್ರೆ ಆ ಹಕ್ಕು ಕೈತಪ್ಪುತ್ತೆ.

ನೆಲ_ನೀರು
ಬರೆಯೋಕೇ ಬಿಡಲ್ವಲ್ಲ ಏಜೆನ್ಸಿ ಸೂಪರ್‌ವೈಸರ್‌ಗಳು. ಬರೆಸಿದ್ರೆ ನಾಳೆಯಿಂದ ಬರಬೇಡ ಅಂತಾರೆ.

ಲೆಕ್ಕಪತ್ರ_ಅರಸೀಕೆರೆ
ಅದಕ್ಕೇ ಪುಸ್ತಕ ಏಜೆನ್ಸಿ ಹತ್ರ ಇರಬಾರದು, ವಾರ್ಡಿನ ನರ್ಸಿಂಗ್ ಸ್ಟೇಷನ್‌ನಲ್ಲಿ ಇರಬೇಕು. ಕೆಲಸದ ಜಾಗ ಆಸ್ಪತ್ರೇದು, ಪುಸ್ತಕವೂ ಆಸ್ಪತ್ರೇದೇ ಆಗಲಿ.

ಮಹಡಿ_ಬಟ್ಟೆ
ಹಿಮ್ಮಡಿ ನೋವಿಗೆ ಎಂಸಿಆರ್ (ಮೆತ್ತನೆ ರಬ್ಬರ್) ಚಪ್ಪಲಿ ಹಾಕಬಹುದಾ ಡ್ಯೂಟೀಲಿ?

ಕಾಫಿನಾಡು_ಫಿಸಿಯೊ
ಮೆತ್ತಗಿರೋದು ಒಳ್ಳೇದೇ, ಆದರೆ ತೆರೆದ ಚಪ್ಪಲಿ ವಾರ್ಡಿನಲ್ಲಿ ಬೇಡ, ಸೂಜಿ ಬೀಳುತ್ತೆ. ಮುಂದೆ ಮುಚ್ಚಿದ ಶೂಗೆ ಎಂಸಿಆರ್ ಅಟ್ಟೆ ಹಾಕಿಸಿ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡೋ ಮುಂಚೆ ಮೀನಖಂಡ ಮೂವತ್ತು ಸೆಕೆಂಡ್, ಮೂರು ಸಲ ಎಳೆದು ಹಿಡೀಲಿ.

ಪಟ್ಟಿ ಕೊಡೋ ಮುಂಚೆ ಒಂದು ಕೆಲಸ ಮಾಡಿ. 1987ರಿಂದ ಬಳಕೆಯಲ್ಲಿರೋ ನಾರ್ಡಿಕ್ ಪ್ರಶ್ನಾವಳಿ ಇದೆ. ಕತ್ತು, ಭುಜ, ಮೊಣಕೈ, ಮಣಿಕಟ್ಟು, ಬೆನ್ನಿನ ಮೇಲ್ಭಾಗ, ಸೊಂಟ, ತೊಡೆ, ಮಂಡಿ, ಪಾದ, ಹೀಗೆ ಒಂಬತ್ತು ಜಾಗ. ಕಳೆದ 12 ತಿಂಗಳಲ್ಲಿ ನೋವಿತ್ತಾ, ಅದರಿಂದ ಕೆಲಸ ತಪ್ಪಿತಾ, ಕಳೆದ 7 ದಿನದಲ್ಲಿ ಇತ್ತಾ. ಮನುಷ್ಯನ ಚಿತ್ರ ಬರೆದು ಗುರುತು ಹಾಕಿಸಿ, ಓದು ಬರದವರಿಗೂ ಆಗುತ್ತೆ. ಹೆಸರು ಬರೆಸಬೇಡಿ, ಕೆಲಸದ ವಿಭಾಗ ಮಾತ್ರ. ಮಣಿಕಟ್ಟಿನ ಗುರುತೆಲ್ಲ ಹೌಸ್‌ಕೀಪಿಂಗ್‌ನಿಂದಲೇ ಬಂದರೆ ಹಿಂಡೋ ಬಕೆಟ್ ಯಾಕೆ ಬೇಕು ಅಂತ ನೀವು ವಾದ ಮಾಡಬೇಕಾಗಿಲ್ಲ.

ಹೇಮಾವತಿ_ದಡ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಬೆಲ್ಟ್ ತೆಗೆದು ಹಾಕ್ತಿದ್ದೀನಿ. ವಾರ್ಡಿಗೆರಡು ಸ್ಲೈಡ್ ಶೀಟ್, ಚಕ್ರದ ರಿಪೇರಿ, ಮಹಡಿಗೊಂದು ಸಿಲಿಂಡರ್ ಟ್ರಾಲಿ, ಹಿಂಡೋ ಬಕೆಟ್, ವಾರ್ಡಲ್ಲೇ ಅಪಘಾತ ಪುಸ್ತಕ, ಇಷ್ಟು ಮೊದಲು. ಸ್ಲೈಡ್ ಶೀಟ್ ಇಲ್ಲೇ ಟೈಲರ್ ಹತ್ರ ಹೊಲಿಸೋಕಾಗುತ್ತಾ? ಕೂತಿರೋ ರೋಗಿ ಎಬ್ಬಿಸೋಕೂ ಏನಾದ್ರೂ ಇದೆಯಾ?

ಸಿಸ್ಟರ್_ಎಂ
ಹೊಲಿಸಬಹುದು. ಛತ್ರಿ ಬಟ್ಟೆಯಂಥ ನುಣುಪು ನೈಲಾನ್, ಕೊಳವೆ ಮಾಡಿದ ಮೇಲೆ ಅಗಲ 1 ಮೀಟರ್, ಉದ್ದ 2 ಮೀಟರ್ ಬರಲಿ. ನುಣುಪು ಮುಖ ಒಳಗಡೆ. ಹೊಲಿಗೆ ಒಂದೇ ಅಂಚಿಗೆ, ರೋಗಿ ಬೆನ್ನಿನ ಕೆಳಗೆ ಬರಬಾರದು, ಒತ್ತಿ ಹುಣ್ಣಾಗುತ್ತೆ. ಒಬ್ಬ ರೋಗಿಗೆ ಬಳಸಿದ್ದು ಒಗೆಯದೆ ಇನ್ನೊಬ್ಬರಿಗೆ ಬೇಡ, ಹಾಗಾಗಿ ವಾರ್ಡಿಗೆ ಎರಡು ಸಾಲದು, ಆರು ಬರೀರಿ.

ಎಬ್ಬಿಸೋಕೆ ಮಂಚದ ನವಾರ ಪಟ್ಟಿ ಸಾಕು. ಎರಡು ಪದರ ಸೇರಿಸಿ ಹೊಲಿಸಿ, ಒಂದೂವರೆ ಮೀಟರ್ ಉದ್ದ, ತುದಿಗೆ ಗಟ್ಟಿ ಬಕಲ್. ರೋಗಿ ಸೊಂಟಕ್ಕೆ ಬಟ್ಟೆ ಮೇಲೆ ಕಟ್ಟಿ, ಎರಡು ಬೆರಳು ತೂರುವಷ್ಟು ಸಡಿಲ. ತೋಳು, ಕಂಕುಳು ಹಿಡಿಯೋ ಬದಲು ಪಟ್ಟಿ ಹಿಡೀರಿ. ಹೊಟ್ಟೆ ಆಪರೇಷನ್ ಆದವರಿಗೆ ಕಟ್ಟಬೇಡಿ. ಬಕಲ್ ಪ್ಲಾಸ್ಟಿಕ್ ಬೇಡ, ಕಬ್ಬಿಣದ್ದೇ ಹಾಕಿಸಿ.